ಹೊನ್ನೂರಿನ ಮುಳ್ಳಿಲ್ಲದ ಬಿಲ್ವ

ಗಿಡಕ್ಕೆ ತಪ್ಪು ಹೆಸರು ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಇದು ಒಳ್ಳೆಯ ಗುಣವೇನಲ್ಲ ಎಂದು ನನ್ನ ಗಂಡ ಶಾಂತಮೂರ್ತಿ ಆಗಾಗ ಹೇಳುತ್ತಾರೆ. ಯಾರದೋ ಮದುವೆಯಲ್ಲಿ ಯಾರೋ ಛತ್ರದ ಕಾಂಪೌಂಡಿಗೆ ಸಾಲಾಗಿ ಹಾಕಿದ, ಕಂಬದ ಹಾಗೆ ನೆಟ್ಟಗೆ ಬೆಳೆಯುವ ಮರಗಳನ್ನು ತೋರಿಸಿ, 'ಅಶೋಕ, ಸೀತೆ ಕೂತಿದ್ದು ಇದರಡಿಯೇ' ಎಂದು ಮಕ್ಕಳಿಗೆ ಹೇಳುತ್ತಿದ್ದರೆ, ಊಟದ ಎಲೆ ಬಿಟ್ಟು ಎದ್ದು ಹೋಗಿ ತಿದ್ದುವವಳು ನಾನು. ಇಂಥ ಮರದಡಿ ಕೂತರೆ ಸೀತೆಗೆ ನೆರಳಾದರೂ ಎಲ್ಲಿಂದ ಬರಬೇಕು?

ಕೊಳ್ಳೇಗಾಲದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವುದು ನನ್ನ ಕೆಲಸ. ಅಂಥ ನಾನು ನಮ್ಮದೇ ತೋಟದ ಒಂದು ಮರದ ತಪ್ಪು ಹೆಸರನ್ನು ಮದುವೆಯಾದಾಗಿನಿಂದ ಒಪ್ಪಿಕೊಂಡು ಬಂದಿದ್ದೆ. ಕಾರಣ ಇಷ್ಟೇ, ಆ ಮರವನ್ನು ನಾನು ಮುಟ್ಟುವ ಹಾಗಿರಲಿಲ್ಲ.

ನನ್ನ ಗಂಡನ ಮನೆ ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿದೆ. ಲಿಂಗ ಕಟ್ಟುವ ಮನೆತನ. ನಾನು ಕೊಳ್ಳೇಗಾಲದ ರೇಷ್ಮೆ ನೇಯುವವರ ಮಗಳು. ನಾವಿಬ್ಬರೂ ಒಪ್ಪಿ ಆದ ಮದುವೆ. ನನ್ನ ಅತ್ತೆ ಚನ್ನಮಲ್ಲಮ್ಮ ಮೊದಲ ವರ್ಷ ಮುಖ ಊದಿಸಿಕೊಂಡಿದ್ದರು, ಆಮೇಲೆ ಸರಿಹೋದರು. ನಾನು ಮಾಡಿದ ಅಡುಗೆ ಉಂಡರು, ಉಪ್ಪು ಕಮ್ಮಿ ಎಂದರು, ಜ್ವರ ಬಂದಾಗ ನನ್ನ ತಲೆಗೆ ತಣ್ಣೀರು ಬಟ್ಟೆ ಹಾಕಿ ಕೂತರು. ಒಂದು ವಿಷಯದಲ್ಲಿ ಮಾತ್ರ ಅವರು ಒಂದಿಂಚೂ ಸರಿಯಲಿಲ್ಲ. ಕೊರಳಲ್ಲಿ ಲಿಂಗ ಇಲ್ಲದವರು ಪೂಜೆಯ ಪತ್ರೆಯ ಮರ ಮುಟ್ಟಬಾರದು.

ಆ ಮರ ಮನೆಯ ಜಗಲಿಯಿಂದ ಕಾಣುವ ಹಾಗೆ ತೋಟದ ದಾರಿಯ ತಿರುವಿನಲ್ಲಿದೆ. ನೆಟ್ಟವರು ನನ್ನ ಮಾವ ಚಿಕ್ಕಮಾದಪ್ಪ. ಹರೆಯದಲ್ಲಿ ಅವರು ಅಂಡಮಾನಿನಲ್ಲಿ ರಸ್ತೆ ಕೆಲಸದ ಮೇಸ್ತ್ರಿಯಾಗಿದ್ದರು. ಅಲ್ಲಿ ಸಮುದ್ರದ ದಡದಲ್ಲಿ ತಮಿಳರು ಕಟ್ಟಿಕೊಂಡ ಒಂದು ಸಣ್ಣ ಈಶ್ವರನ ಗುಡಿ ಇತ್ತಂತೆ. ಆ ಗುಡಿಯ ಹಿಂದಿನಿಂದ ಒಂದು ಸಸಿ ಕಿತ್ತು, ಹಾಲಿನ ಪುಡಿ ಡಬ್ಬದಲ್ಲಿ ಮಣ್ಣು ತುಂಬಿ, ಹಡಗಿನಲ್ಲಿ ತಮಗೆ ಕೊಟ್ಟ ಕುಡಿಯುವ ನೀರನ್ನೇ ಅದಕ್ಕೂ ಹನಿಸುತ್ತಾ ಊರಿಗೆ ತಂದರು. ಮುಳ್ಳಿಲ್ಲದ ಬಿಲ್ವ ಎಂದರು. ಮೂರೆಲೆಯ ಪತ್ರೆ, ಹಿಸುಕಿದರೆ ಘಮ ಬರುತ್ತಿತ್ತು. ಯಾರೂ ಅನುಮಾನಿಸಲಿಲ್ಲ. ಮರ ಹೂ ಬಿಡುತ್ತದೆ, ಕಾಯಿ ಬಿಡುವುದಿಲ್ಲ. ಅದಕ್ಕೂ ಅತ್ತೆ ಒಂದು ವಿವರಣೆ ಇಟ್ಟುಕೊಂಡಿದ್ದರು. ಅದು ಸ್ವಾಮಿಗೇ ಅಂತ ಬಂದ ಮರ, ಅದಕ್ಕೆ ಸಂಸಾರ ಇಲ್ಲ ಎನ್ನುತ್ತಿದ್ದರು. ಕೆಲವು ವರ್ಷದ ಹಿಂದೆ ಮಾವ ತೀರಿಕೊಂಡಾಗ ಆ ಮರದಿಂದ ನಾಲ್ಕು ಹೆಜ್ಜೆ ಆಚೆ ಅವರನ್ನು ಕೂರಿಸಿ ಮಣ್ಣು ಮಾಡಿ ಗದ್ದುಗೆ ಕಟ್ಟಿದರು. ದಿನಾ ಬೆಳಗ್ಗೆ ಸ್ನಾನ ಮಾಡಿ, ಹಸಿದ ಹೊಟ್ಟೆಯಲ್ಲಿ ಅತ್ತೆ ಪತ್ರೆ ಕುಯ್ದು, ಮೊದಲು ತಮ್ಮ ಲಿಂಗಕ್ಕೆ, ಆಮೇಲೆ ಗದ್ದುಗೆಗೆ ಇಡುತ್ತಾರೆ. ಪೂಜೆಯಾದ ಮೇಲೆ ನನಗೂ ಒಂದು ಎಲೆ ಪ್ರಸಾದ. ಕಿವಿಗೆ ಸಿಕ್ಕಿಸಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಒಂಟಿ ಎಲೆ ಕೈಗೆ ಬಂದರೆ ಅದು ಕೊಂಬೆಯ ಮೇಲೆ ಹೇಗೆ ಕೂತಿತ್ತು ಎನ್ನುವುದು ಗೊತ್ತಾಗುವುದಿಲ್ಲ. ಗಿಡ ಗುರುತಿಸುವವರಿಗೆ ಬೇಕಾದದ್ದು ಅದೇ. ದಾರಿಯಿಂದ ಕತ್ತೆತ್ತಿ ನೋಡಿದರೆ ಕಾಣುತ್ತಿದ್ದುದು ಎಲೆಯ ಗುಂಪು ಮಾತ್ರ.

ಮೊನ್ನೆ ಕಬ್ಬು ಕಡಿಯುವ ಸಮಯದಲ್ಲಿ ನಾನು ವಿದ್ಯಾರ್ಥಿಗಳನ್ನು ಹನೂರಿನ ಆಚೆ, ಕೌದಳ್ಳಿ ಹತ್ತಿರದ ಕಾಡಂಚಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕಾಡು ಬಿಲ್ವ ಇದೆ. ಕೈಗೆ ಚುಚ್ಚುವ ಮುಳ್ಳು, ಒಂದಾದ ಮೇಲೊಂದು ಒಂಟಿಯಾಗಿ ಕೂತ ಎಲೆಗಳು, ಕಲ್ಲಿನಂಥ ಕಾಯಿ. ಪವಿತ್ರ ಎಂಬ ಹುಡುಗಿ ಮುಳ್ಳು ಚುಚ್ಚಿಸಿಕೊಂಡು ಬೆರಳು ಚೀಪುತ್ತಾ ಕೇಳಿದಳು.

"ಮಿಸ್, ನೇಟಿವ್ ಅಂದ್ರೂ ಇಲ್ಲಿಂದೇ, ಎಂಡೆಮಿಕ್ ಅಂದ್ರೂ ಇಲ್ಲಿಂದೇ. ಯಾಕ್ ಮಿಸ್ ಎರಡು ಹೆಸ್ರು?"

"ಈ ಬಿಲ್ವ ನಮ್ಮ ಕಾಡಿನದೇ, ಯಾರೂ ತಂದು ನೆಟ್ಟಿದ್ದಲ್ಲ. ಹಾಗಾಗಿ ನೇಟಿವ್. ಆದರೆ ಉತ್ತರದಲ್ಲೂ ಹುಟ್ಟುತ್ತೆ, ಬರ್ಮಾದ ಕಡೆಯೂ ಹುಟ್ಟುತ್ತೆ. ಒಂದು ಜಾಗ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ತಾನಾಗಿ ಹುಟ್ಟದೆ ಇದ್ರೆ ಅದು ಎಂಡೆಮಿಕ್. ದ್ವೀಪಗಳಲ್ಲಿ ಅಂಥವು ಜಾಸ್ತಿ. ಸುತ್ತ ನೀರು, ಬೀಜ ಎಲ್ಲಿಗೆ ಹೋಗುತ್ತೆ ಪಾಪ? ಅಲ್ಲೇ ಇದ್ದು ಇದ್ದು ಅದೇ ಒಂದು ಬೇರೆ ಜಾತಿ ಆಗಿಬಿಡುತ್ತೆ."

"ಯಾರಾದ್ರೂ ತಂದು ನಮ್ಮೂರಲ್ಲಿ ನೆಟ್ರೆ?"

"ನೆಟ್ಟರೂ ಅದು ಇಲ್ಲಿನದಾಗಲ್ಲ. ಎಷ್ಟು ವರ್ಷ ಆದ್ರೂ ನೆಟ್ಟದ್ದು ನೆಟ್ಟದ್ದೇ. ಪರೀಕ್ಷೆಗೆ ಬರುತ್ತೆ, ನೆನಪಿಟ್ಕೊ."

ಸಂಜೆ ಕೊಳ್ಳೇಗಾಲದಲ್ಲಿ ಮಕ್ಕಳನ್ನು ಇಳಿಸಿ, ಸ್ಕೂಟರ್ ತೆಗೆದುಕೊಂಡು ಹೊನ್ನೂರಿಗೆ ಬಂದಾಗ ತೋಟದ ತಿರುವಿನಲ್ಲಿ ಗಲಾಟೆ ನಡೆದಿತ್ತು. ಕಬ್ಬಿನ ಲಾರಿ ಹಿಂದಕ್ಕೆ ತೆಗೆಯುವಾಗ ಪತ್ರೆ ಮರಕ್ಕೆ ತಾಗಿ ದೊಡ್ಡ ಕೊಂಬೆಯೊಂದು ಸೀಳಿ ಬಿದ್ದಿತ್ತು. ನನ್ನ ಬಾವ, ಅಂದರೆ ಗಂಡನ ಅಣ್ಣ, ಶಿವಕುಮಾರಸ್ವಾಮಿ ಟವೆಲ್ಲು ಕೊಡವುತ್ತಾ ನಿಂತಿದ್ದರು.

"ಈ ಮರ ಒಂದ್ ಇಲ್ದೆ ಓಗಿದ್ರೆ ಲಾರಿ ಸಲೀಸಾಗಿ ತಿರುಗ್ತಿತ್ತು. ಪ್ರತಿ ವರ್ಸ ಇದೇ ಗೋಳು. ಅವ್ವ ಬುಡ್ಬೇಕಲ್ಲ!"

"ಲೋ ಸಿವ್ಕುಮಾರ, ಬಿಲ್ವ ಕಡ್ದ ಮನೆ ಉದ್ಧಾರ ಆದದಾ?" ಎಂದರು ಅತ್ತೆ, ಮನೆಯ ಜಗಲಿಯಿಂದಲೇ. ಪ್ರತಿ ವರ್ಷ ಮಾತು ಅಲ್ಲಿಗೆ ಮುಗಿಯುತ್ತದೆ. ಅವತ್ತೂ ಮುಗಿಯಿತು.

ಬಿದ್ದ ಕೊಂಬೆ ಮರವಲ್ಲ, ನೆಲದ ಕಸ. ಅದನ್ನು ಯಾರು ಬೇಕಾದರೂ ಮುಟ್ಟಬಹುದು. ದಾರಿಯಿಂದ ಎಳೆದು ಹಾಕೋಣವೆಂದು ಹಿಡಿದೆ. ಹಿಡಿದವಳು ಹಾಗೇ ನಿಂತುಬಿಟ್ಟೆ. ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರು ಕೂತಿದ್ದವು. ಬಿಲ್ವದ ಎಲೆ ಯಾವತ್ತೂ ಹಾಗೆ ಕೂರುವುದಿಲ್ಲ. ಬೆಳಗ್ಗೆಯಷ್ಟೇ ಅದನ್ನು ಮಕ್ಕಳಿಗೆ ತೋರಿಸಿ ಬಂದಿದ್ದೆ. ಎಲೆಯ ಬುಡದಲ್ಲಿ ಸಾಸಿವೆಕಾಳಿನಷ್ಟು ಹೂಗಳಿದ್ದವು. ಬ್ಯಾಗಿನಿಂದ ಲೆನ್ಸ್ ತೆಗೆದು ನೋಡಿದೆ. ನಾಲ್ಕೇ ದಳ. ಎಲ್ಲವೂ ಗಂಡು ಹೂ, ಕಾಯಿ ಕಟ್ಟುವ ಭಾಗ ಹೆಸರಿಗಷ್ಟೇ ಇತ್ತು. ನಿಂಬೆ, ಬಿಲ್ವಗಳ ಕುಟುಂಬಕ್ಕೇ ಸೇರಿದ್ದು, ಘಮ ಅದರಿಂದಲೇ. ಆದರೆ ಇದು ಬಿಲ್ವದ ದೂರದ ನೆಂಟ, ಬಿಲ್ವ ಅಲ್ಲ.

ಅತ್ತೆ ಹೇಳುತ್ತಿದ್ದುದರಲ್ಲಿ ಅರ್ಧ ನಿಜವಿತ್ತು. ಮರಕ್ಕೆ ಸಂಸಾರ ಇರಲಿಲ್ಲ. ಇದರ ಜಾತಿಯಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಇದರ ಹೆಣ್ಣು ಸಮುದ್ರದಾಚೆ ಉಳಿದಿತ್ತು.

ಫೋಟೊ ತೆಗೆದು, ಪೋರ್ಟ್ ಬ್ಲೇರಿನಲ್ಲಿ ದ್ವೀಪದ ಗಿಡಗಳ ಮೇಲೆ ಕೆಲಸ ಮಾಡುವ ಒಬ್ಬರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಹಿಂದೆ ಒಂದು ತರಬೇತಿಯಲ್ಲಿ ಪರಿಚಯವಾದವರು. ಅವರು ಇನ್ನಷ್ಟು ಕೇಳಿದರು. ಎಲೆಯ ಹಿಂಬದಿ, ಮೊಗ್ಗು, ತೊಗಟೆ. ಒಣಗಿಸಿದ ರೆಂಬೆಯನ್ನು ಪೋಸ್ಟಿನಲ್ಲಿ ಕಳಿಸಿದೆ. ಕೊನೆಗೆ ಅವರೇ ಫೋನ್ ಮಾಡಿದರು. ಆ ಮರ ಅಲ್ಲಿನ ಒಂದೇ ಒಂದು ಸಣ್ಣ ದ್ವೀಪದಲ್ಲಿ ಮಾತ್ರ ಹುಟ್ಟುವಂಥದ್ದು. ಸುನಾಮಿಯಲ್ಲಿ ದಡದ ಕಾಡು ಸಮುದ್ರದ ಪಾಲಾದ ಮೇಲೆ ಬೆರಳೆಣಿಕೆಯಷ್ಟು ಉಳಿದಿವೆ, ಅವೂ ಹೆಚ್ಚಿನವು ಹೆಣ್ಣು. "ಮೇಡಂ, ದಯವಿಟ್ಟು ಆ ಮರಕ್ಕೆ ಏನೂ ಆಗದ ಹಾಗೆ ನೋಡಿಕೊಳ್ಳಿ" ಎಂದು ಇಂಗ್ಲಿಷಿನಲ್ಲಿ ಎರಡೆರಡು ಸಲ ಹೇಳಿದರು.

ಹೇಗೆ ನೋಡಿಕೊಳ್ಳಲಿ? ಆ ಮರವನ್ನು ಇಷ್ಟು ದಿನ ಉಳಿಸಿದ್ದೇ ಅದರ ತಪ್ಪು ಹೆಸರು. ಬಿಲ್ವ ಅಲ್ಲ ಎಂದು ನಾನು ಬಾಯಿಬಿಟ್ಟರೆ ಬಾವ ಮಾರನೆಯ ದಿನವೇ ಕಡಿಸುತ್ತಾರೆ. ಜೀವಮಾನದಲ್ಲಿ ಮೊದಲ ಸಲ ನನಗೆ ತಪ್ಪು ಹೆಸರೇ ಇರಲಿ ಅನ್ನಿಸಿತು. ಗಂಡನಿಗೆ ಮಾತ್ರ ಹೇಳಿ, ಮನೆಯಲ್ಲಿ ಉಸಿರೆತ್ತಬೇಡಿ ಎಂದೆ. ಅವರು ಯಳಂದೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಮಕ್ಕಳ ಗುಟ್ಟನ್ನು ಎಷ್ಟೋ ಕಾಪಾಡಿದ್ದಾರೆ, ಹೆಂಡತಿಯ ಹೆಮ್ಮೆಯ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ.

ಊಟಕ್ಕೆ ಕೂತಿದ್ದೆವು. ಬಾವ ನನ್ನನ್ನು ಕಿಚಾಯಿಸುತ್ತಾ, "ಏನ್ ಮೇಡಂ, ದಿನಾ ಹುಲ್ಲುಕಡ್ಡಿ ಎಣಿಸ್ತೀರಿ, ಅದ್ರಿಂದ ಯಾರ್ಗೇನ್ ಉಪ್ಯೋಗ?" ಎಂದರು. ಪ್ರತಿದಿನದ ತಮಾಷೆ. ಅವತ್ತು ನನ್ನ ಗಂಡನಿಗೆ ತಡೆಯಲಾಗಲಿಲ್ಲ.

"ಅಣ್ಣಾ, ನಿಂಗೇನ್ ಗೊತ್ತು? ನಮ್ಮ ತೋಟದ ಮರ ಬಿಲ್ವನೇ ಅಲ್ಲ. ಪ್ರಪಂಚದಲ್ಲಿ ಒಂದೇ ದ್ವೀಪದಲ್ಲಿರೋ ಮರ. ಇವಳು ಕಂಡುಹಿಡಿದಿರೋದು. ಅಂಡಮಾನಿಂದ ಫೋನ್ ಬಂದಿತ್ತು!"

ಹೇಳಿದ ಮೇಲೆ ನನ್ನ ಮುಖ ನೋಡಿದರು. ಆಗ ನೋಡಿ ಏನು ಬಂತು?

ಅತ್ತೆಯ ಕೈಯಲ್ಲಿ ಮುದ್ದೆಯ ತುತ್ತು ಹಾಗೇ ನಿಂತಿತು. "ಬಿಲ್ವ ಅಲ್ವಾ?" ಎಂದರು, ನನ್ನ ಕಡೆಯೇ ತಿರುಗಿ.

ಸುಳ್ಳು ಹೇಳಬಹುದಿತ್ತು. ಬಾಯಿ ತೆರೆದೆ, ಆಗಲಿಲ್ಲ. "ಅಲ್ಲ ಅತ್ತೆ."

"ಅಂದ್ಮೇಲೆ ಕಡುದ್ರೆ ತಪ್ಪಿಲ್ಲ ಅನ್ನಿ," ಎಂದರು ಬಾವ. ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ, ಹಗುರಾದವರ ದನಿ ಅದು. "ನಾಳೀಕೆ ಮರ ಕುಯ್ಯೋ ಮಾದಣ್ಣನ ಕರುಸ್ತೀನಿ. ಪವರ್ ಸಾ ಅದೆ ಅವನ ತಾವ."

ಅತ್ತೆ ತುತ್ತನ್ನು ತಟ್ಟೆಗೆ ಬಿಟ್ಟರು. "ಇಷ್ಟ್ ವರ್ಸ ನಿಮ್ಮಪ್ಪನ ಗದ್ದುಗೆ ಮೇಲೆ ಯಾವ್ದೋ ಸೊಪ್ಪ ಮಡಗ್ದಂಗಾಯ್ತಲ್ಲೋ," ಎಂದು ಮಗನಿಗೆ ಹೇಳಿದವರು, ನನ್ನ ಮೇಲೆ ತಿರುಗಿದರು. "ನಿನ್ನ ಯಾರವ್ವ ಮುಟ್ಟು ಅಂದೋರು?"

ನನಗೂ ರೇಗಿತು. "ಬಿದ್ದಿದ್ದ ಕೊಂಬೆ ಮುಟ್ಟಿದ್ದು ಅತ್ತೆ. ಮರ ಮುಟ್ಟೋಕೆ ಬಿಟ್ಟಿದ್ರೆ ಮದುವೆಯಾದ ವರ್ಷವೇ ಹೇಳಿರ್ತಿದ್ದೆ. ಆಗ ಮಾವ ಇದ್ದರು, ಅವರನ್ನೇ ಕೇಳಬಹುದಿತ್ತು."

ಅದು ಆಡಬಾರದ ಮಾತು. ಅತ್ತೆ ಎದ್ದು ಕೈ ತೊಳೆದುಕೊಂಡು ಒಳಗೆ ಹೋದರು. ಅವತ್ತು ಅವರು ಉಣ್ಣಲಿಲ್ಲ. ನಾನೂ ಅರ್ಧಕ್ಕೇ ಎದ್ದೆ, ಗಂಡ ಮಾತ್ರ ತಲೆತಗ್ಗಿಸಿ ತಟ್ಟೆ ಖಾಲಿ ಮಾಡಿದರು.

ಬೆಳಗ್ಗೆ ಕಾಲೇಜಿಗೆ ರಜೆ ಹಾಕಿ ಮರದ ಮುಂದೆ ಹೋಗಿ ನಿಂತೆ. ಮಾದಣ್ಣ ಬಂದು ಗರಗಸದ ಮೆಷೀನಿಗೆ ಪೆಟ್ರೋಲು ಹಾಕುತ್ತಿದ್ದ.

"ಬಾವ, ಇದರ ಗಂಡು ಮರ ಅಲ್ಲಿ ಉಳಿದೇ ಇಲ್ಲ ಅನ್ನೋ ಹಾಗಿದೆ. ಇದು ಹೋದರೆ ಮತ್ತೆ ತರೋಕಾಗಲ್ಲ."

"ಅಂಗಾರೆ ಅಲ್ಲಿಗೇ ಕಳಿಸ್ಬುಡಿ ಮೇಡಂ. ಹಡಗಲ್ಲಿ ಬಂದದ್ದು ಹಡಗಲ್ಲೇ ಓಗ್ಲಿ."

"ಒಂದು ವರ್ಷ ಟೈಮ್ ಕೊಡಿ. ರೆಂಬೆ ಕಸಿ ಮಾಡಿ ನೋಡ್ತೀನಿ."

"ಲಾರಿ ಇವತ್ತು ಮದ್ಯಾನ ಬತ್ತದೆ."

ನಾನು ಅಳುವ ಹಾಗಾಗಿದ್ದೆ. ಸಿಟ್ಟಿನಲ್ಲಿ ಅಳು ಬಂದರೆ ನನಗೆ ನನ್ನ ಮೇಲೇ ಇನ್ನಷ್ಟು ಸಿಟ್ಟು ಬರುತ್ತದೆ. ಅಷ್ಟರಲ್ಲಿ ಮೊಪೆಡ್ ಸದ್ದಾಯಿತು. ನಮ್ಮ ಮನೆಯ ಕಾರ್ಯಗಳನ್ನು ನಡೆಸಿಕೊಡುವ ಅಯ್ಯನವರು ಮಲ್ಲಿಕಾರ್ಜುನಸ್ವಾಮಿ ಬರುತ್ತಿದ್ದರು. ಅವರ ಹಿಂದೆ, ಮಂಡಿನೋವಿನ ಕಾಲೆಳೆಯುತ್ತಾ ಅತ್ತೆ ನಡೆದು ಬಂದರು. ಕೈಯಲ್ಲಿ ವಿಭೂತಿಯ ಗಟ್ಟಿ, ನೀರಿನ ಚೊಂಬು. ಸ್ನಾನವಾಗಿತ್ತು, ಹಣೆಯಲ್ಲಿ ವಿಭೂತಿ ಇತ್ತು.

ಗದ್ದುಗೆಯ ಮೇಲೆ ಹಿಂದಿನ ದಿನದ ಪತ್ರೆ ಬಾಡಿತ್ತು. ಅತ್ತೆ ಅದನ್ನು ಒಮ್ಮೆ ನೋಡಿ ಅಯ್ಯನವರ ಕಡೆ ತಿರುಗಿದರು.

"ಅಯ್ನೋರೆ, ಇದು ಬಿಲ್ವ ಅಲ್ವಂತೆ. ನಮ್ ಸೊಸೆ ಏಳ್ತು."

"ಅದ್ಕೆ ಗೊತ್ತಿರ್ತದೆ. ಓದಿರೋದು," ಎಂದರು ಅಯ್ಯನವರು.

"ಸಮುದ್ರದ ಮದ್ಯದಲ್ಲಿ ಉಟ್ಟಿದ್ದಂತೆ. ನಮ್ ಸೀಮೇದಲ್ವಂತೆ. ಇರ್ಲಿ. ನಾನೊಂದ್ ಕೇಳ್ತೀನಿ. ಲಿಂಗ ಕಟ್ಟಿಸ್ಕಂಡೋರ್ನ, ನೀನು ಎಲ್ಲಿ ಉಟ್ದೆ, ಯಾರಿಗ್ ಉಟ್ದೆ ಅಂತ ಕೇಳಬೌದಾ?"

"ಕೇಳಂಗಿಲ್ಲ ಕಣವ್ವ. ಕೇಳುದ್ರೆ ಪಾಪ. ಅದು ಮೊದ್ಲಿಂದ ಬಂದಿರೋ ಮಾತು."

"ಅಂಗಾರೆ ಇದ್ಕೆ ಕಟ್ಟಿ."

ಅಯ್ಯನವರು ನಕ್ಕರು. ಅತ್ತೆ ನಗಲಿಲ್ಲ. "ಮರಕ್ಕಾ?" ಎಂದರು ಅವರು, ನಗು ನಿಲ್ಲಿಸಿ.

"ಅಳ್ಳಿಮರಕ್ಕೆ ಮುಂಜಿ ಮಾಡ್ತಾರೆ, ಬೇವಿನಮರ ತಂದು ಮದ್ವೆ ಮಾಡ್ತಾರೆ. ಇದೇನ್ ಪಾಪ ಮಾಡದೆ? ಬಿಲ್ವ ಅಲ್ಲ ಅಂದ್ರೆ ಅಲ್ಲ. ಬಿಲ್ವ ಆಗದೂ ಬ್ಯಾಡ. ನಮ್ಮನೇದಾದ್ರೆ ಸಾಕು. ನಮ್ಮೆಜಮಾನ್ರು ಕುಡಿಯೋ ನೀರ ಉಯ್ದು ತಂದವ್ರೆ."

ಅಯ್ಯನವರು ಮರದ ಸುತ್ತ ಒಂದು ಸಲ ಬಂದರು. ಆಮೇಲೆ ಜೋಳಿಗೆಯಿಂದ ಒಂದು ಸಣ್ಣ ಲಿಂಗ ತೆಗೆದರು. ಅತ್ತೆ ಬೆಳಗ್ಗೆಯೇ ಫೋನಿನಲ್ಲಿ ಒಂದು ಬೇಕು ಎಂದಿದ್ದರಂತೆ. ಯಾರಿಗೆ ಎಂದು ಹೇಳಿರಲಿಲ್ಲ. ಕಾಂಡ ತೊಳೆದು, ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಅದರ ಕಿವಿ ಎಲ್ಲಿದೆಯೆಂದು ಗೊತ್ತಾಗದೆ ಒಂದು ಕವಲಿನ ಹತ್ತಿರ ಬಾಯಿಟ್ಟು ಮಂತ್ರ ಹೇಳಿದರು. ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ದಾರದಿಂದ ಕಟ್ಟಲು ಹೊರಟಾಗ ನನಗೆ ತಡೆಯಲಾಗಲಿಲ್ಲ.

"ಬಿಗಿಯಾಗಿ ಕಟ್ಟಬೇಡಿ ಅಯ್ನೋರೆ. ಕಾಂಡ ಇನ್ನೂ ದಪ್ಪ ಆಗುತ್ತೆ."

ಅವರು ಗಂಟು ಸಡಿಲಿಸಿದರು. ಮಾದಣ್ಣ ಮೆಷೀನು ಕೆಳಗಿಟ್ಟು ಕೈಮುಗಿದ.

"ಅವ್ವಾ, ಲಾರಿ?" ಎಂದರು ಬಾವ, ಸೋತ ದನಿಯಲ್ಲಿ.

"ಆ ಕಡೆ ತೆಂಗಿನ ಮರ ಅದಲ್ಲ. ಅದ್ಕೆ ಯಾರೂ ಲಿಂಗ ಕಟ್ಟಿಲ್ಲ."

ಮಧ್ಯಾಹ್ನದ ಹೊತ್ತಿಗೆ ತೆಂಗು ಉರುಳಿತು. ಲಾರಿ ಬಂದು ಸಲೀಸಾಗಿ ತಿರುಗಿಕೊಂಡು ಹೋಯಿತು. ಪೋರ್ಟ್ ಬ್ಲೇರಿನವರಿಗೆ ಮರ ಉಳಿಯಿತು ಎಂದು ಸುದ್ದಿ ಕಳಿಸಿದೆ. ಹೇಗೆ ಎಂದು ಬರೆಯಲು ಹೋಗಲಿಲ್ಲ, ಇಂಗ್ಲಿಷಿನಲ್ಲಿ ಅದನ್ನು ಹೇಳುವುದು ನನಗೆ ತಿಳಿಯಲಿಲ್ಲ.

ನನಗೆ ಸಂತೋಷವಾಗಿತ್ತು. ಪೂರ್ತಿ ಸಂತೋಷ ಅಲ್ಲ. ಎಲ್ಲಿಯದೋ ದ್ವೀಪದ ಮರ ಒಂದು ಬೆಳಗ್ಗೆಯಲ್ಲಿ ಈ ಮನೆಯದಾಯಿತು. ನಾನು ಬಂದದ್ದು ಕೊಳ್ಳೇಗಾಲದಿಂದ, ಬಸ್ಸಿನಲ್ಲಿ ಬರುವಷ್ಟು ದೂರ. ನೆಟ್ಟದ್ದು ನೆಟ್ಟದ್ದೇ ಎಂದು ಪವಿತ್ರಳಿಗೆ ಹೇಳಿದ್ದು ಶಾಸ್ತ್ರಕ್ಕೆ ಸರಿ, ಈಗಲೂ ಪರೀಕ್ಷೆಯಲ್ಲಿ ಹಾಗೆ ಬರೆದವರಿಗೇ ಅಂಕ ಕೊಡುತ್ತೇನೆ. ಆದರೆ ಆ ಮಾತು ನನಗೇ ಚುಚ್ಚಿತು. ಸಂಜೆ ಅತ್ತೆಗೆ ಕಾಫಿ ಕೊಡುವಾಗ ಹೇಳಿಯೇಬಿಟ್ಟೆ.

"ಅತ್ತೆ, ಮರದ ಮೇಲೆ ನನಗೆ ಹೊಟ್ಟೆಕಿಚ್ಚಾಗ್ತಿದೆ."

ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟರು. ನನಗೂ ಲಿಂಗ ಕಟ್ಟಿಸಿ ಎಂದು ನಾನು ಕೇಳಿರಲಿಲ್ಲ. ಅದು ನನಗೆ ಬೇಕಾಗಿಯೂ ಇರಲಿಲ್ಲ. ನಮ್ಮಪ್ಪನ ಮನೆ ದೇವರು ನನಗೆ ಸಾಕು.

ಮರುದಿನ ಬೆಳಗ್ಗೆ ಸ್ನಾನ ಮಾಡಿ ಹೊರಬಂದರೆ ಬಚ್ಚಲ ಬಾಗಿಲಲ್ಲೇ ಅತ್ತೆ ನಿಂತಿದ್ದರು. ಕೈಯಲ್ಲಿ ಪತ್ರೆಯ ಬುಟ್ಟಿ.

"ಏನೂ ತಿಂದಿಲ್ವಲ್ಲ?"

"ಇಲ್ಲ."

"ಓಗು, ಪತ್ರೆ ಕುಯ್ಕಂಡ್ ಬಾ. ನನ್ ಮಂಡಿ ಇಡ್ಕಂಡದೆ."

ನಾನು ಬುಟ್ಟಿಗೆ ಕೈ ಚಾಚಲಿಲ್ಲ. "ನನ್ನ ಕೊರಳಲ್ಲಿ ಲಿಂಗ ಇಲ್ಲ ಅತ್ತೆ."

"ಮರದ ಕೊರಳಲ್ಲಿ ಅದಲ್ಲ," ಎಂದು ಬುಟ್ಟಿಯನ್ನು ನನ್ನ ಕೈಗೆ ತುರುಕಿದರು. "ಇಬ್ರಿಗೂ ಒಂದ್ ಸಾಕು. ಒತ್ತಾಯ್ತದೆ, ಓಗು."

ಮರದ ಕೆಳಗೆ ಹೋಗಿ ನಿಂತೆ. ಇಷ್ಟು ವರ್ಷದಲ್ಲಿ ಸಾವಿರಾರು ಗಿಡಗಳ ಎಲೆ ಕಿತ್ತಿದ್ದೇನೆ. ಕತ್ತರಿಸಿದ್ದೇನೆ, ಒಣಗಿಸಿದ್ದೇನೆ, ಹಾಳೆಗೆ ಅಂಟಿಸಿದ್ದೇನೆ. ಇದರದ್ದು ಇದೇ ಮೊದಲು. ತಗ್ಗಿನ ಕೊಂಬೆಯೊಂದನ್ನು ಬಗ್ಗಿಸಿ ಹಿಡಿದರೆ ಎಲೆ ಮಂಜಿಗೆ ತಣ್ಣಗಿತ್ತು. ಜಗಲಿಯಿಂದ ಅತ್ತೆ ಕೂಗಿದರು.

"ಮೂರೆಲೆ ಸರ್‍ಯಾಗಿರೋದ ನೋಡ್ಕಂಡು ಕುಯ್ಯವ್ವ! ಉಳ ತಿಂದಿರೋದ ತರಬ್ಯಾಡ!"

ನನಗೆ ಎಲೆ ನೋಡುವುದನ್ನು ಹೇಳಿಕೊಡುತ್ತಿದ್ದರು. ಬೇರೆ ಯಾವತ್ತಾದರೂ ಆಗಿದ್ದರೆ ರೇಗುತ್ತಿದ್ದೆ. "ಆಯ್ತು ಅತ್ತೆ" ಎಂದು ಕೂಗಿ, ಒಂದೊಂದನ್ನೂ ತಿರುಗಿಸಿ ನೋಡಿ ಕುಯ್ದೆ. ಅವತ್ತು ಕಾಲೇಜಿಗೆ ಹೋಗುವುದು ತಡವಾಯಿತು.